ಸ್ಪೀಕರಿನ ಕೆಳಗೊಂದು ಮಣೆ

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ಗುಡಿಗೆ ಹೋದವರು ತಲೆಯೆತ್ತಿ ನೋಡದೆ ಬರುವುದಿಲ್ಲ. ಒಂಬತ್ತನೆಯ ಶತಮಾನದ, ಗಂಗ–ನೊಳಂಬರ ಕಾಲದ ಆ ಒಳಚಾವಣಿಯಲ್ಲಿ ಶಿವ ಕುಣಿಯುತ್ತಿದ್ದಾನೆ. ಜೊತೆಗೆ ವಾದ್ಯಗಾರರು, ಸುತ್ತ ಅಷ್ಟದಿಕ್ಪಾಲಕರು. ಅಂದಿನಿಂದ ಮೊನ್ನೆಮೊನ್ನೆಯವರೆಗೂ ಸಂಗೀತವೆಂದರೆ ಹೀಗೆ ಮನುಷ್ಯನ ಮೈಗೆ ಆತುಕೊಂಡ ವಾದ್ಯವೇ. ತೊಡೆಯೋ ಹೆಗಲೋ ಅದಕ್ಕೆ ಆಸರೆ. ಮನುಷ್ಯನಿಲ್ಲದೆ ನುಡಿಯುವ ಪೆಟ್ಟಿಗೆ ಮನೆಗೆ ಬಂದ ಮೇಲಷ್ಟೇ ಅದನ್ನು ಯಾವುದರ ಮೇಲೆ ಇಡಬೇಕು ಎಂಬ ಪ್ರಶ್ನೆ ಹುಟ್ಟಿತು. ಇಂದು ಸ್ಪೀಕರಿನ ಕೆಳಗೆ ಇಡಲೆಂದೇ ಮರದ ಮಣೆಗಳೂ ರಬ್ಬರಿನ, ಸ್ಪ್ರಿಂಗಿನ ಪಾದಗಳೂ ಮಾರಾಟಕ್ಕಿವೆ. ಇವೆರಡೂ ಒಂದೇ ಕೆಲಸ ಮಾಡುತ್ತವೆ ಎಂದುಕೊಂಡು ಕೊಳ್ಳುವವರೇ ಹೆಚ್ಚು.

ಎರಡೂ ಬೇರೆ ಬೇರೆ ಕೆಲಸಗಳೆಂದು ನಮ್ಮ ವಾದ್ಯ ಮಾಡುವವರಿಗೆ ಹಿಂದೆಯೇ ಗೊತ್ತಿತ್ತು. ವೀಣೆಯ ತಂತಿ ಒಂಟಿಯಾಗಿ ಮೀಟಿದರೆ ಕೇಳುವುದೇ ಇಲ್ಲ. ಕುದುರೆಯ ಮೂಲಕ ಅದರ ಕಂಪನ ಹಲಸಿನ ಮರದ ಕೊಡಕ್ಕೆ ಇಳಿದಾಗ ದನಿಯಾಗುತ್ತದೆ. ಇಲ್ಲಿ ಮರ ಸದ್ದನ್ನು ಸೇರಿಸಿಕೊಳ್ಳುತ್ತದೆ. ತಬಲಾದ ಕೆಳಗಿನ ಬಟ್ಟೆಯ ಸಿಂಬೆ ಇದಕ್ಕೆ ವಿರುದ್ಧ. ಅದು ವಾದ್ಯವನ್ನು ಅಲುಗದಂತೆ ಹಿಡಿದು, ನೆಲದಿಂದ ಬಿಡಿಸುತ್ತದೆ. ಸೇರಿಸುವುದು, ಬಿಡಿಸುವುದು: ಮುಂದಿನ ಕಥೆಯೆಲ್ಲ ಈ ಎರಡರ ನಡುವೆಯೇ ನಡೆಯುತ್ತದೆ.

1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲ್ಲಾಗ್ ಎಂಬ ಎಂಜಿನಿಯರುಗಳು ಸುರುಳಿಯಿಂದ ಅಲುಗುವ ಕಾಗದದ ಶಂಕುವಿನ ಸ್ಪೀಕರನ್ನು ಪ್ರಕಟಿಸಿದರು. ಇಂದಿನ ಬಹುತೇಕ ಸ್ಪೀಕರುಗಳ ಮೂಲ ಅದೇ. ಹತ್ತು ವರ್ಷದ ಬಳಿಕ, 1935ರಲ್ಲಿ, ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಬಾನುಲಿ ಕೇಂದ್ರ ಆರಂಭಿಸಿದರು. ಆ ಕಾಲದ ರೇಡಿಯೊ ದೊಡ್ಡ ಮರದ ಪೆಟ್ಟಿಗೆ. ವೀಣೆಯ ಕೊಡದಂತೆ ಅದೂ ತುಸು ನುಡಿಯುತ್ತಿತ್ತು, ಯಾರಿಗೂ ಅದು ಕುಂದೆನಿಸಲಿಲ್ಲ.

ಕುಂದು ಮೊದಲು ಎದ್ದು ಕಂಡದ್ದು ರೆಕಾರ್ಡಿನ ಮುಳ್ಳಿನಲ್ಲಿ. 1948ರಲ್ಲಿ ಎಲ್‌ಪಿ ಬಂತು, ಗೀರು ಸಣ್ಣದಾಯಿತು. ಹಗುರಾದ ಮುಳ್ಳು ಹಾಡನ್ನಷ್ಟೇ ಅಲ್ಲ, ನೆಲದ ಮೇಲಿನ ಹೆಜ್ಜೆಯನ್ನೂ ಓದತೊಡಗಿತು. 1954ರಲ್ಲಿ ಎಡ್ಗರ್ ವಿಲ್ಚರ್, ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿ, ಚಿಕ್ಕ ಪೆಟ್ಟಿಗೆಯಿಂದಲೇ ತಗ್ಗು ದನಿ ಹೊರಡಿಸಿದರು. ನೆಲದ ಮೇಲೆ ಬೀರುವಿನಂತೆ ನಿಲ್ಲುತ್ತಿದ್ದ ಸ್ಪೀಕರು ಶೆಲ್ಫನ್ನೂ ಮೇಜನ್ನೂ ಏರಿತು. ಅವೂ ಜೊತೆಗೆ ಗುಂಯ್‌ಗುಟ್ಟತೊಡಗಿದವು. ಅದೇ ವಿಲ್ಚರ್ 1961ರಲ್ಲಿ ರೆಕಾರ್ಡ್ ತಿರುಗುವ ತಟ್ಟೆಯನ್ನೂ ಮುಳ್ಳಿನ ತೋಳನ್ನೂ ಒಟ್ಟಿಗೆ ಸ್ಪ್ರಿಂಗುಗಳ ಮೇಲೆ ತೇಲಿಸಿದರು. ಇಂದು ಸ್ಪೀಕರಿನ ಕೆಳಗೆ ಸೇರಿರುವ ಮೆತ್ತನೆಯ ಪಾದಗಳ ಹಿಂದಿರುವುದೂ ಇದೇ ವಿಚಾರ.

ಅದರ ಲೆಕ್ಕ ಸರಳ. ಪಾದ ಸ್ಪೀಕರಿನ ಭಾರಕ್ಕೆ 2.5 ಮಿಲಿಮೀಟರ್ ಕುಗ್ಗಿದರೆ, ಎರಡೂ ಸೇರಿ ಸೆಕೆಂಡಿಗೆ ಸುಮಾರು 10 ಸಲ ತೂಗುವ ಉಯ್ಯಾಲೆಯಾಗುತ್ತವೆ. ಅದರ ಒಂದೂವರೆಪಟ್ಟಿಗೆ ತುಸು ಕಡಿಮೆ, ಅಂದರೆ 14ಕ್ಕಿಂತ ಮೇಲಿನ ಕಂಪನಗಳನ್ನು ಅದು ನೆಲಕ್ಕೆ ಇಳಿಯದಂತೆ ತಡೆಯತೊಡಗುತ್ತದೆ. ಗಟ್ಟಿ ರಬ್ಬರು 0.1 ಮಿಲಿಮೀಟರಷ್ಟೇ ಕುಗ್ಗಿದರೆ ಉಯ್ಯಾಲೆಯ ವೇಗ ಸುಮಾರು 50. ಸುಮಾರು 70ರವರೆಗೆ ತಡೆಯಿಲ್ಲ, 50ರ ಆಸುಪಾಸಿನಲ್ಲಿ ಕಂಪನ ಹೆಚ್ಚುವುದೂ ಉಂಟು. ಅದು ಬೇಸ್ ದನಿಯ ಜಾಗವೇ. ಆದ್ದರಿಂದ ಬೆಲೆಗಿಂತ ಭಾರಕ್ಕೆ ತಕ್ಕ ಮೆದುತನ ಮುಖ್ಯ. ಬರೀ ಮರದ ಮಣೆ ಇಷ್ಟು ಕುಗ್ಗುವುದಿಲ್ಲ. ಅದು ಪೆಟ್ಟಿಗೆಯನ್ನು ಮಟ್ಟಸವಾಗಿ ನಿಲ್ಲಿಸುತ್ತದೆ, ಕಿವಿಯ ಎತ್ತರಕ್ಕೆ ತರುತ್ತದೆ, ಭಾರ ಕೂಡಿಸುತ್ತದೆ. ಕಂಪನವನ್ನು ಬಿಡಿಸುವುದು ಅದರ ಕೆಲಸವಲ್ಲ.

ಇನ್ನೊಂದು ಮಾತು, ಕೆಳಗಿರುವ ನೆಲ ಎಂಥದ್ದು? ಈ ತೆಂಗಿನ ಸೀಮೆಯ ಮನೆಗಳಲ್ಲಿ ಎರಡು ಬಗೆಯ ನೆಲ ಉಂಟು. ಒಂದು, ಮಣ್ಣಿನ ಮೇಲೆ ಹಾಸಿದ ಕಲ್ಲು ಚಪ್ಪಡಿ. ಇನ್ನೊಂದು, ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಒಣಗಲು ಬಿಡುವ ಅಟ್ಟ. ಗ್ರಾಮಿನ ಲೆಕ್ಕದ ಕಾಗದದ ಶಂಕು ಮುಂದೆ ನೂಕಿದಾಗ ಹತ್ತು ಕಿಲೋದ ಪೆಟ್ಟಿಗೆ ಕೂದಲೆಳೆಯಷ್ಟೂ ಹಿಂದೆ ಸರಿಯುವುದಿಲ್ಲ; ಅಷ್ಟಕ್ಕೆ ಕಲ್ಲು ಚಪ್ಪಡಿ ಅಲುಗದು. ಅಲ್ಲಿ ದುಬಾರಿ ಪಾದ ಹಾಕಿದರೂ ಸದ್ದಿನಲ್ಲಿ ಹೆಚ್ಚು ವ್ಯತ್ಯಾಸ ಕಾಣದು. ಅಟ್ಟದಂಥ ಹಲಗೆಯ ನೆಲ ಮಾತ್ರ ದೊಡ್ಡದೊಂದು ವೀಣೆಯ ಕೊಡವೇ. ಮೆತ್ತನೆಯ ಪಾದದ ಮಾತೂ ಹಲಗೆಯ ನೆಲದ ಮನೆಗಳಿಗೆ ಹೆಚ್ಚು ಸಲ್ಲುವಂಥದ್ದು.

ಬಿಡಿಸುವುದೆಂದರೇನೆಂದು ಕೊಬ್ಬರಿ ಮಾಡುವವರಿಗೆ ಹೇಳಿಕೊಡಬೇಕಿಲ್ಲ. ಕಾಯಿಯನ್ನು ಕಿವಿಯ ಬಳಿ ಅಲುಗಿಸಿ, ತಿರುಳು ಚಿಪ್ಪನ್ನು ಬಿಟ್ಟಿದೆಯೋ ಇಲ್ಲವೋ ಎಂದು ಸದ್ದಿನಿಂದಲೇ ಹೇಳುತ್ತಾರೆ. ಸ್ಪೀಕರಿಗೂ ಅಷ್ಟೇ ಸುಲಭದ ಪರೀಕ್ಷೆಯುಂಟು. ಮೃದಂಗದ ಎಡಬದಿಯ ಗುಮುಕು ಕೇಳುವಾಗ ಮೇಜಿನ ಮೇಲೆ, ನೆಲದ ಮೇಲೆ ಅಂಗೈ ಇಟ್ಟು ನೋಡುವುದು. ಕೈಗೆ ಕಂಪನ ತಾಕಿದರೆ ಬಿಡಿಸಲು ಏನಾದರೂ ಬೇಕು. ತಾಕದಿದ್ದರೆ ಮಟ್ಟಸವಾದ ಒಂದು ಹಲಸಿನ ಮಣೆ ಸಾಕು; ಉಳಿದ ದುಡ್ಡಿಗೆ ಹಾಡು ಕೊಳ್ಳಬಹುದು.