ಶೆಟ್ಲೆಂಡಿನ ಪುಟ್ಟ ಕುರಿನಾಯಿ ಮತ್ತು ನನ್ನ ಸರ್‌ನೇಮು

ನಮ್ಮ ಸೊಸೈಟಿಯ ಮೂರನೇ ಮಹಡಿಗೆ ಹೊಸದಾಗಿ ಬಂದವರ ಮನೆಯಲ್ಲಿ ಒಂದು ಪುಟ್ಟ ನಾಯಿ ಇದೆ. ಉದ್ದ ಮೂತಿ, ಕತ್ತಿನ ಸುತ್ತ ಬಿಳಿ ಮಫ್ಲರ್ ಸುತ್ತಿದ ಹಾಗೆ ಕೂದಲು. ಲಿಫ್ಟಿನಲ್ಲಿ ಸಿಕ್ಕಾಗ "ಅರೆ, ಛೋಟಾ ಲ್ಯಾಸಿ!" ಅಂದೆ. ಸಿನಿಮಾದಲ್ಲಿ ಬರುವ ಲ್ಯಾಸಿ ಕೋಲಿ ಎಂಬ ದೊಡ್ಡ ಜಾತಿಯ ಕುರಿನಾಯಿ. ಆ ಮನೆಯ ಹುಡುಗ ಮುಖ ಗಂಟಿಕ್ಕಿಕೊಂಡು, "ಅಂಕಲ್, ಇದು ಲ್ಯಾಸಿ ಅಲ್ಲ, ಶೆಟ್ಲೆಂಡ್ ಶೀಪ್‌ಡಾಗ್" ಎಂದ.

ನನಗೆ ಬೇಸರವಾಗಲಿಲ್ಲ. ಮುಂಬಯಿಗೆ ಬಂದಾಗಿನಿಂದ "ಮದ್ರಾಸಿ" ಅಂದವರಿಗೆಲ್ಲ "ಅಲ್ಲ ಸ್ವಾಮಿ, ನಾನು ಕನ್ನಡದವನು" ಎಂದು ತಿದ್ದುತ್ತ ಬಂದವನು ನಾನು. ಕುತೂಹಲಕ್ಕೆ ಓದುತ್ತ ಹೋದರೆ, ನಾನು ಲಿಫ್ಟಿನಲ್ಲಿ ಮಾಡಿದ ತಪ್ಪಿನ ಮೇಲೇ ನೂರು ವರ್ಷಗಳ ಹಿಂದೆ ದೊಡ್ಡ ಜಗಳ ನಡೆದಿತ್ತು!

ಶೆಟ್ಲೆಂಡ್ ಅಂದರೆ ಸ್ಕಾಟ್ಲೆಂಡಿನಿಂದಲೂ ಉತ್ತರಕ್ಕೆ, ಸಮುದ್ರದ ಮಧ್ಯೆ ಇರುವ ನೂರಕ್ಕೂ ಹೆಚ್ಚು ದ್ವೀಪಗಳ ಗುಂಪು. ಜನ ಇರುವುದು ಕೆಲವೇ ದ್ವೀಪಗಳಲ್ಲಿ. ಬ್ಯಾಂಕಿನವನಾದ ನನಗೆ ಖುಷಿ ಕೊಟ್ಟ ಸಂಗತಿ ಇದು. ಡೆನ್ಮಾರ್ಕ್-ನಾರ್ವೆಯ ದೊರೆ ಮೊದಲನೇ ಕ್ರಿಶ್ಚಿಯನ್ ತನ್ನ ಮಗಳು ಮಾರ್ಗರೆಟ್‌ಳನ್ನು ಸ್ಕಾಟ್ಲೆಂಡಿನ ಮೂರನೇ ಜೇಮ್ಸ್‌ಗೆ ಕೊಟ್ಟು ಮದುವೆ ಮಾಡಿದ. ವರದಕ್ಷಿಣೆ ಹಣ ಹೊಂದಲಿಲ್ಲ. 1469ರಲ್ಲಿ 8,000 ಫ್ಲೋರಿನ್‌ಗೆ ಶೆಟ್ಲೆಂಡನ್ನೇ ಒತ್ತೆ ಇಟ್ಟ. ಬಿಡಿಸಿಕೊಳ್ಳಲೇ ಇಲ್ಲ. ಒತ್ತೆ ಇಟ್ಟ ಸೊತ್ತು 1472ರಲ್ಲಿ ಸ್ಕಾಟ್ಲೆಂಡಿನ ಪಾಲಾಯಿತು. ದೊರೆ ಬದಲಾದರೂ ಜನರ ಬಾಯಲ್ಲಿ ಹಳೆಯ ನಾರ್ಸ್ ಮಾತು ಬಹಳ ಕಾಲ ಉಳಿಯಿತು. ಹೊಲಮನೆಗೆ ಅವರು ಅನ್ನುವ "ಟೂನ್" ಆ ಭಾಷೆಯ "ತೂನ್" ಎಂಬ ಪದದಿಂದ ಬಂದದ್ದು. ಹೊಲಮನೆ ಕಾಯುವ ಈ ನಾಯಿಗೆ ಅವರಿಟ್ಟ ಹೆಸರು "ಟೂನಿ".

ಅಲ್ಲಿನ ರೈತರದು ತುಂಡು ಭೂಮಿ. ಕುರಿಗಳು ಬೆಳೆಗೆ ನುಗ್ಗದಂತೆ ಬೊಗಳಿ ಬೊಗಳಿ ಗುಡ್ಡಕ್ಕೆ ಅಟ್ಟುವುದೇ ಟೂನಿಯ ಕೆಲಸ. ಈಗ ನಮ್ಮ ಸೊಸೈಟಿ ಮೀಟಿಂಗಿನಲ್ಲಿ ಅದರ ಬೊಗಳಾಟದ ಮೇಲೆ ದೂರು ಬಂದಿದೆ. ಪಾಪ, ಕೂಗುವುದಕ್ಕೇ ಸಂಬಳ ತಿಂದ ವಂಶ ಅದು! ಉತ್ತರ ದೇಶಗಳ ಸ್ಪಿಟ್ಜ್ ಮಾದರಿಯ ನಾಯಿ ಮತ್ತು ಸ್ಕಾಟ್ಲೆಂಡಿನ ಕುರಿನಾಯಿಗಳ ರಕ್ತ ಕೂಡಿ ಇದು ಹುಟ್ಟಿತು ಎನ್ನುತ್ತಾರೆ. ಮೇವು ಕಡಿಮೆಯಿರುವ ಆ ನೆಲದಲ್ಲಿ ಕುದುರೆಯೂ ಗಿಡ್ಡ, ಕುರಿಯೂ ಗಿಡ್ಡ. ಆದರೆ ನಾಯಿ ಇನ್ನಷ್ಟು ಪುಟ್ಟದಾದದ್ದಕ್ಕೆ ವ್ಯಾಪಾರವೂ ಕಾರಣ. ಹಡಗಿನಲ್ಲಿ ಬಂದ ನಾವಿಕರು, ಪ್ರವಾಸಿಗಳು ಮುದ್ದಾದ ಮರಿಗಳನ್ನು ಕೊಳ್ಳತೊಡಗಿದರು. ಕೊಳ್ಳುವವರಿಗೆ ಚಿಕ್ಕದು ಬೇಕು ಅಂದಾಗ ದ್ವೀಪದವರು ಚಿಕ್ಕದನ್ನೇ ಬೆಳೆಸಿದರು.

ಹೀಗೇ ಹೋದರೆ ಮೂಲ ತಳಿಯೇ ಕೈಬಿಟ್ಟು ಹೋದೀತು ಎಂಬ ಆತಂಕ ಹುಟ್ಟಿ, 1908ರಲ್ಲಿ ಲೆರ್ವಿಕ್ ಪಟ್ಟಣದಲ್ಲಿ ಒಂದು ಕ್ಲಬ್ ಶುರುವಾಯಿತು. ಅವರು ಇಟ್ಟುಕೊಂಡ ಹೆಸರು "ಶೆಟ್ಲೆಂಡ್ ಕೋಲಿ". 1909ರಲ್ಲಿ ಲಂಡನ್ನಿನ ಕೆನಲ್ ಕ್ಲಬ್ಬಿನ ದಾಖಲೆಗೂ ಅದೇ ಹೆಸರಿನಿಂದ ಸೇರಿತು. ಅಲ್ಲಿಗೆ ದೊಡ್ಡ ಕೋಲಿ ಸಾಕುವವರು ಎದ್ದು ನಿಂತರು. ಈ ಗಿಡ್ಡ ನಾಯಿಗೆ ನಮ್ಮ ಹೆಸರೇಕೆ ಎಂಬುದು ಅವರ ತಕರಾರು. ಕೊನೆಗೆ 1914ರಲ್ಲಿ ಹೆಸರು "ಶೆಟ್ಲೆಂಡ್ ಶೀಪ್‌ಡಾಗ್" ಎಂದಾಯಿತು. ತಮಾಷೆ ನೋಡಿ, ಹೆಸರು ಕೊಡದವರ ರಕ್ತ ಮಾತ್ರ ಬಂತು! ಚೆಲುವು ತಿದ್ದಲು ಚಿಕ್ಕ ಕೋಲಿಗಳ ಜೊತೆ ಕೂಡಿಸಿದ್ದರಿಂದಲೇ ಇವತ್ತು ಅದು ಲ್ಯಾಸಿಯ ತಮ್ಮನಂತೆ ಕಾಣುವುದು. ನನ್ನ ತಪ್ಪೂ ಪೂರ್ತಿ ನನ್ನದಲ್ಲ ಅನ್ನಿ.

ಇದನ್ನೆಲ್ಲ ಓದುವಾಗ ನನ್ನ ಕೆಲಸದ ಮೊದಲ ದಿನ ನೆನಪಾಯಿತು. ಹಾಸನದ ಕಡೆಯ ನಮಗೆ ಸರ್‌ನೇಮು ಎಲ್ಲಿಯದು? ಊರಿನದೊಂದು, ಅಪ್ಪನದೊಂದು ಇನಿಷಿಯಲ್, ಅಷ್ಟೇ. ಫಾರ್ಮಿನಲ್ಲಿ ಆ ಖಾನೆ ಖಾಲಿ ಬಿಡುವಂತಿಲ್ಲ ಎಂದರು. ಬರೆದುಕೊಳ್ಳುವವರು ಅಪ್ಪನ ಹೆಸರನ್ನೇ ಅಲ್ಲಿ ತುಂಬಿದರು. ಅಂದಿನಿಂದ ಆಫೀಸಿನಲ್ಲಿ ಎಲ್ಲರೂ ನನ್ನನ್ನು ಕರೆಯುವುದು ಅಪ್ಪನ ಹೆಸರಿನಿಂದ. ಅಪ್ಪ ಒಮ್ಮೆ ಇಲ್ಲಿಗೆ ಬಂದಾಗ, ಯಾರೋ ಕೂಗಿದ್ದಕ್ಕೆ ನಾವಿಬ್ಬರೂ ಒಟ್ಟಿಗೇ "ಆಂ?" ಅಂದಿದ್ದೆವು. ಅಪ್ಪ ನಕ್ಕರು. ಆಮೇಲೆ ಮೆಲ್ಲಗೆ, "ಹಾಗಾದರೆ ಊರಿನ ಹೆಸರು ಎಲ್ಲೂ ಇಲ್ಲವೇನೋ?" ಎಂದು ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಲೆಜರು ಯಾರ ಕೈಯಲ್ಲಿದೆಯೋ ಹೆಸರು ಅವರು ಬರೆದದ್ದೇ. ಇಷ್ಟು ವರ್ಷ ಅದೇ ಲೆಜರಿನ ಈಚೆ ಕಡೆ ಕೂತು ಎಷ್ಟು ಜನರ ಹೆಸರನ್ನು ನಾನೂ ಖಾನೆಗೆ ಹೊಂದಿಸಿದ್ದೇನೋ!

ನಿನ್ನೆ ಲಿಫ್ಟಿನಲ್ಲಿ ಆ ಹುಡುಗನಿಗೆ "ಟೂನಿ" ಕಥೆ ಹೇಳಿದೆ. ಅವನು ಬಗ್ಗಿ ಆ ಹೆಸರಿನಿಂದ ಕರೆದ. ನಾಯಿ ಬಾಲ ಅಲ್ಲಾಡಿಸಿತು. ಅದು ಎಲ್ಲದಕ್ಕೂ ಅಲ್ಲಾಡಿಸುತ್ತದೆ, ಇರಲಿ.

ನಿಮ್ಮ ಸರ್‌ನೇಮು ಖಾನೆಯಲ್ಲಿ ಏನು ಬಂದು ಕೂತಿದೆ? ಪುರಸೊತ್ತಾದಾಗ ಬರೆದು ತಿಳಿಸಿ.