ಬಲಗೈ ಭಾಷೆ: ಸಂಕಮ್ಮನ ಸಾಲಿನ ಗೀಳುಪ್ರೇಮಿ

ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ ಸೀಮೆಯ ಊರುಗಳಲ್ಲಿ ತಲೆಮಾರುಗಳಿಂದ ಹಾಡಿಕೊಂಡು ಬಂದಿರುವ ಮಲೆ ಮಾದೇಶ್ವರ ಕಾವ್ಯವನ್ನು ಉಳಿಸಿದವರು ದೇವರಗುಡ್ಡರು, ಅಂದರೆ ಮಾದೇಶ್ವರ ದೇವರಿಗೆ ಹರಕೆ ಹೊತ್ತು ದೀಕ್ಷೆ ಪಡೆದ ಗಾಯಕರು. ಎಡಗೈಯಲ್ಲಿ ಬಟ್ಟಲಿನಾಕಾರದ ಕಂಚಿನ ತಾಳವನ್ನು ಹಿಡಿದು, ಬಲಗೈಯಲ್ಲಿರುವ ಚಪ್ಪಟೆ ತಾಳವನ್ನು ಅದಕ್ಕೆ ಬಡಿಯುತ್ತ ಇವರು ಹಾಡುವುದರಿಂದ ಆ ವಾದ್ಯದ ಹೆಸರಾದ ಕಂಸಾಳೆಯೇ ಕಲೆಯ ಹೆಸರೂ ಆಗಿದೆ. ಕಾವ್ಯದ ಒಂದೊಂದು ಭಾಗಕ್ಕೆ ‘ಸಾಲು’ ಎನ್ನುತ್ತಾರೆ. ಜನರ ಮನಸ್ಸನ್ನು ಆಳವಾಗಿ ತಟ್ಟಿರುವ ಸಾಲುಗಳಲ್ಲಿ ಸಂಕಮ್ಮನ ಸಾಲು ಒಂದು.

ಹಾಡುಗಾರರಿಂದ ಹಾಡುಗಾರರಿಗೆ ವಿವರಗಳು ಬದಲಾದರೂ ಕಥೆಯ ತಿರುಳು ಒಂದೇ. ಬೇಟೆಗೂ ಜೇನಿಗೂ ಕಾಡಿಗೆ ಹೊರಟ, ಕಾಡುವಾಸಿ ಸೋಲಿಗ ಸಮುದಾಯದ ನೀಲೇಗೌಡ, ತಾನಿಲ್ಲದಾಗ ಹೆಂಡತಿ ಸಂಕಮ್ಮ ಪರಪುರುಷನನ್ನು ನೋಡುವುದಿಲ್ಲವೆಂದು ‘ಬಲಗೈ ಭಾಷೆ’ ಕೇಳುತ್ತಾನೆ, ಅಂದರೆ ಬಲಗೈ ಮುಟ್ಟಿ ಆಣೆಯಿಡುವಂತೆ ಒತ್ತಾಯಿಸುತ್ತಾನೆ. ಸಂಕಮ್ಮ ಒಪ್ಪುವುದಿಲ್ಲ. ಆಗ ಅವನು ಅವಳನ್ನು ಹಿಂಸಿಸಿ, ಕಾಡಿನ ಗುಡಿಸಲಲ್ಲಿ ಕೂಡಿಹಾಕಿ, ಮಾಟಮಂತ್ರದ ಕಟ್ಟು ಹಾಕಿ ಹೋಗುತ್ತಾನೆ. ಅವಳ ಮೊರೆ ಕೇಳಿ ಬಂದ ಮಾದೇಶ್ವರನು ಆ ಕಟ್ಟನ್ನು ಬಿಡಿಸಿ, ಕಾರಯ್ಯ ಬಿಲ್ಲಯ್ಯರೆಂಬ ಮಕ್ಕಳ ವರ ಕೊಡುತ್ತಾನೆ.

ಜಪಾನಿನ ಚಿತ್ರಕಥೆಗಳಾದ ಮಾಂಗಾಗಳಲ್ಲಿ ನೀಲೇಗೌಡನಂಥ ಗೀಳುಪ್ರೇಮಿಗೆ ಹತ್ತಿರದ ಪಾತ್ರವರ್ಗವನ್ನು ‘ಯಾಂದೆರೆ’ ಎನ್ನುತ್ತಾರೆ: ಮೇಲ್ನೋಟಕ್ಕೆ ಅಕ್ಕರೆಯಿಂದ ತುಂಬಿದ್ದು, ಪ್ರೀತಿಸಿದವರು ಕೈತಪ್ಪುವ ಭಯ ಹುಟ್ಟಿದೊಡನೆ ಕ್ರೌರ್ಯಕ್ಕಿಳಿಯುವ, ಬಹುಮಟ್ಟಿಗೆ ಹೆಣ್ಣಾಗಿರುವ ಪಾತ್ರ. ಸಕಾಯೆ ಎಸುನೊ ಅವರ ‘ಮಿರಾಯ್ ನಿಕ್ಕಿ’ಯ (2006–2010) ಯುನೊ ಗಸಾಯ್ ಇದರ ಪ್ರಸಿದ್ಧ ಮಾದರಿ. ಯುನೊ ಪ್ರೇಮಿಸಿದವನ ಚಲನವಲನವನ್ನೆಲ್ಲ ಹೊತ್ತುಹೊತ್ತಿಗೆ ಬರೆದಿಡುತ್ತಾಳೆ, ನೀಲೇಗೌಡ ಆಣೆ ಬೇಡುತ್ತಾನೆ; ಇಬ್ಬರಿಗೂ ನಂಬಿಕೆಯ ಜಾಗದಲ್ಲಿ ಕಾವಲು ಬೇಕು. ಆದ್ದರಿಂದ ಈ ಪಾತ್ರದ ಲಕ್ಷಣ ಪ್ರೀತಿಯ ಅತಿರೇಕವಲ್ಲ, ಎದುರಿನವರಿಗೂ ಸ್ವಂತ ಮನಸ್ಸುಂಟೆಂಬುದನ್ನು ಒಪ್ಪದಿರುವುದು.

ಇದೇ ಸೀಮೆಯ ಇನ್ನೊಂದು ಕಥನ ಈ ವ್ಯತ್ಯಾಸವನ್ನು ಸ್ಪಷ್ಟಪಡಿಸುತ್ತದೆ. ಸೋಲಿಗರ ಹುಡುಗಿ ಕುಸುಮಾಲೆಗೆ ಮನಸೋತ, ಬಿಳಿಗಿರಿ ಬೆಟ್ಟದ ದೇವರು ಬಿಳಿಗಿರಿರಂಗನ ಮೋಹವೂ ತೀವ್ರವಾದದ್ದೇ. ಆದರೆ ಅದು ನಂಟಸ್ತನವಾಗಿ ಬೆಳೆದದ್ದರಿಂದ ಸೋಲಿಗರು ಇಂದಿಗೂ ರಂಗನನ್ನು ‘ಭಾವ’ ಎಂದೇ ಕರೆಯುತ್ತಾರೆ. ಒಂದು ಮೋಹ ಬಂಧುಬಳಗವನ್ನು ಕೊಟ್ಟಿತು, ಇನ್ನೊಂದು ಹೆಂಡತಿಯನ್ನು ಎಲ್ಲರಿಂದ ಬೇರ್ಪಡಿಸಿತು.

ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಮಾದೇಶ್ವರ ಕಾವ್ಯವನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೂಲಕ 1997ರಲ್ಲಿ ಪ್ರಕಟಿಸಿದರು. ಗೀಳನ್ನು ಪ್ರೇಮದ ಪರಾಕಾಷ್ಠೆಯೆಂದು ಬಿಂಬಿಸುವ ಕಥೆಗಳು ಎಲ್ಲ ಭಾಷೆಗಳಲ್ಲೂ ಹೆಚ್ಚುತ್ತಿರುವಾಗ ಸಂಕಮ್ಮನ ಸಾಲನ್ನು ಯುವ ಓದುಗರು ತಪ್ಪದೆ ಓದಬೇಕು, ಅವಕಾಶವಿದ್ದರೆ ಕಂಸಾಳೆಯವರ ಬಾಯಿಂದಲೇ ಕೇಳಬೇಕು. ಏಕೆಂದರೆ ಅನುಮಾನಿಸುವವನ ಪರ ನಿಲ್ಲದೆ, ಭಾಷೆ ಕೊಡಲೊಲ್ಲದ ಹೆಣ್ಣಿನ ಪರವಾಗಿಯೇ ಈ ನೆಲದ ಹಾಡುಗಾರರು ದೇವರನ್ನು ನಿಲ್ಲಿಸಿದ್ದಾರೆ.