ಬಣ್ಣ ನೋಡಿ ಕೊಳ್ಳುವ ಬೆಲ್ಲ: ‘ನೈಸರ್ಗಿಕ’ ಸಿಹಿಯ ಬಗೆಗಿನ ಗ್ರಾಹಕ ನಂಬಿಕೆ ಮತ್ತು ಮಂಡ್ಯ ಸೀಮೆಯ ನಿದರ್ಶನ

ಸಕ್ಕರೆ ಕೆಟ್ಟದ್ದು, ಬೆಲ್ಲ ಒಳ್ಳೆಯದು ಎಂಬ ಮಾತು ನಗರದ ಅನೇಕ ಅಡುಗೆಮನೆಗಳಲ್ಲಿ ಈಗ ಪ್ರಶ್ನೆಯಿಲ್ಲದೆ ನಡೆಯುತ್ತಿದೆ. ಈ ನಂಬಿಕೆಯ ಬೇರು ಬೆಲ್ಲದ ಘಟಕಗಳಿಗಿಂತ ಹೆಚ್ಚಾಗಿ ಅದರ ತಯಾರಿಕೆಯ ಕಲ್ಪನೆಯಲ್ಲಿದೆ ಎಂಬುದು ಈ ಲೇಖನದ ವಾದ. ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ಒಂದು ಪದಾರ್ಥ ನೈಸರ್ಗಿಕವೇ ಎಂದು ಜನ ಅಳೆಯುವಾಗ ಅದರೊಳಗೆ ಏನಿದೆ ಎನ್ನುವುದಕ್ಕಿಂತ ಅದು ಯಾವ ಸಂಸ್ಕರಣೆಗೆ ಒಳಗಾಗಿದೆ ಎನ್ನುವುದಕ್ಕೆ ಹೆಚ್ಚು ಬೆಲೆ ಕೊಡುತ್ತಾರೆಂದು ಅವರು ತೋರಿಸಿದರು.

ಈ ಕಲ್ಪನೆ ಹೇಗೆ ಬದಲಾಗುತ್ತ ಬಂತು ಎಂಬುದಕ್ಕೆ ಮಂಡ್ಯ ಸೀಮೆ ಒಂದು ನಿದರ್ಶನ. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ 1933ರಲ್ಲಿ ಸ್ಥಾಪನೆಯಾಯಿತು. ಅದೇ ಸೀಮೆಯ ಆಲೆಮನೆಗಳೂ ಉಳಿದುಕೊಂಡವು. ಬಂದವರಿಗೆ ನೀರು-ಬೆಲ್ಲ ಕೊಡುತ್ತಿದ್ದ ಮನೆಗಳಲ್ಲಿ ಸಕ್ಕರೆ ಹಾಕಿದ ಕಾಫಿ ಗೌರವದ ಗುರುತಾಯಿತು. ಬಿಳಿ ಎಂದರೆ ಶುದ್ಧ ಎಂಬ ಭಾವನೆ ಬಲಿಯಿತು. ಬೆಲ್ಲವನ್ನೂ ಅದೇ ಕಣ್ಣಿನಿಂದ ನೋಡಲಾಯಿತು. ಹೊಂಬಣ್ಣದ ಅಚ್ಚಿಗೆ ಮಾರುಕಟ್ಟೆಯಲ್ಲಿ ಒಳ್ಳೆಯ ದರ, ಕಪ್ಪಿಗೆ ಕಡಿಮೆ. ಹಿಂದೆ ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿಗೆ ಸುಣ್ಣ, ಬೆಂಡೆ ಗಿಡದ ಲೋಳೆ ಹಾಕಿ ಮಡ್ಡಿ ತೆಗೆಯುತ್ತಿದ್ದರು. ಬಣ್ಣದ ಬೇಡಿಕೆ ಹೆಚ್ಚಿದಂತೆ ‘ಹೈಡ್ರೋಸ್’, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್, ಆಲೆಮನೆಗೆ ಕಾಲಿಟ್ಟಿತು. ಇದು ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡಿನ ಶೇಷ ಉಳಿಸುತ್ತದೆ; ಅದರ ಮಿತಿ ಕಿಲೋಗೆ 70 ಮಿಲಿಗ್ರಾಂ. ಈ ರಾಸಾಯನಿಕಕ್ಕೆ ಆಲೆಮನೆಯವನೊಬ್ಬನನ್ನೇ ಹೊಣೆ ಮಾಡುವುದು ಅನ್ಯಾಯ. ಅದನ್ನು ಕೇಳಿದ್ದು ಕೊಳ್ಳುವವರ ಕಣ್ಣು.

ಈಗ ಅದೇ ಕಣ್ಣು ಕಪ್ಪು ಬೆಲ್ಲವನ್ನು ಹುಡುಕುತ್ತಿದೆ. ಹೈಡ್ರೋಸ್ ಬೇಡವೆನ್ನುವ ಎಚ್ಚರ ಸ್ವಾಗತಾರ್ಹವೇ. ಆದರೆ ಬಣ್ಣ ಬದಲಾದರೆ ಸಿಹಿ ಬದಲಾಗದು. ಬೆಲ್ಲದ ಬಹುಪಾಲು ಸುಕ್ರೋಸ್, ಸಕ್ಕರೆಯಲ್ಲಿರುವ ಅದೇ ಅಣು. ನೂರು ಗ್ರಾಂ ಬೆಲ್ಲದಲ್ಲಿ ಸುಮಾರು 380 ಕಿಲೋಕ್ಯಾಲೊರಿ, ಸಕ್ಕರೆಯಲ್ಲಿ ಸುಮಾರು 400. ಕಬ್ಬಿಣ, ಪೊಟ್ಯಾಸಿಯಂ ಬೆಲ್ಲದಲ್ಲಿ ಇವೆ, ನಿಜ. ಚಮಚದ ಲೆಕ್ಕದಲ್ಲಿ ತಿನ್ನುವ ಪದಾರ್ಥದಿಂದ ಅವು ದೇಹಕ್ಕೆ ಸಿಗುವ ಪ್ರಮಾಣ ಅತ್ಯಲ್ಪ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿ ನೈಸರ್ಗಿಕವೆನಿಸುವ ಜೇನುತುಪ್ಪದ ಸಕ್ಕರೆಯನ್ನೂ ಮಿತಿಯೊಳಗೇ ಎಣಿಸುತ್ತದೆ: ದಿನದ ಶಕ್ತಿಯ ಶೇ. 10ಕ್ಕಿಂತ ಕಡಿಮೆ, ಸಾಧ್ಯವಾದರೆ ಶೇ. 5, ಎಂದರೆ ಸುಮಾರು 25 ಗ್ರಾಂ. ಬದಲಿ ಸಿಹಿಯೂ ಉತ್ತರವಲ್ಲ: ತೂಕ ಇಳಿಸಲು ಸ್ಟೀವಿಯಾದಂಥ ಬದಲಿ ಸಿಹಿಗಳನ್ನು ನೆಚ್ಚಬೇಡಿ ಎಂದು ಅದೇ ಸಂಸ್ಥೆ 2023ರಲ್ಲಿ ಹೇಳಿತು.

ಅಪಾಯ ಇರುವುದು ಪ್ರಮಾಣದಲ್ಲಿ. ಒಳ್ಳೆಯದೆಂಬ ಧೈರ್ಯಕ್ಕೆ ಒಂದು ಅಚ್ಚು ಹೆಚ್ಚೇ ಬಿದ್ದರೆ, ಸಕ್ಕರೆ ಬಿಟ್ಟದ್ದರಿಂದ ಸಕ್ಕರೆ ಕಾಯಿಲೆಯವರಿಗೆ ಯಾವ ಲಾಭವೂ ಇಲ್ಲ. ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿ ದಾಟಿದೆ ಎಂದು 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನ ಸಮೀಕ್ಷೆ ತಿಳಿಸಿದೆ. ಹೀಗಿರುವಾಗ ಗ್ರಾಹಕ ಸಮೀಕ್ಷೆಗಳು ‘ಯಾವುದು ಇಷ್ಟ’ ಎಂದು ಕೇಳಿ ನಿಲ್ಲಬಾರದು. ‘ದಿನಕ್ಕೆ ಎಷ್ಟು’ ಎಂದೂ ಕೇಳಬೇಕು. ಸಂತೆಯಲ್ಲಿ ಬಿಡಿಯಾಗಿ ಮಾರುವ ಬೆಲ್ಲದ ಮೇಲೆ ಯಾವ ವಿವರವೂ ಇರುವುದಿಲ್ಲವಾದ್ದರಿಂದ, ದಿನದ ಮಿತಿಯ ಈ ಲೆಕ್ಕವನ್ನು ಮನೆಯವರಿಗೆ ತಲುಪಿಸುವ ಹೊಣೆ ಆಹಾರ ಮತ್ತು ಆರೋಗ್ಯ ಇಲಾಖೆಗಳ ಮೇಲಿದೆ.